ಎಫ್ ಫೈವ್ ಮಾಸ್ತರರು

ಸದಲಗಾ ಬಸ್ ನಿಲ್ದಾಣದ ಎದುರಿನ ಮೆಹೆಕ ಫೋಟೋ ಸ್ಟುಡಿಯೋದ ಹಳೆಯ ಕಂಪ್ಯೂಟರ್ ಆ ಸೋಮವಾರ ಮೂರನೆಯ ಸಲ ತಾನಾಗಿಯೇ ಆರಿಹೋದಾಗ ಸ್ಟುಡಿಯೋದ ಮಾಲೀಕ ದಾವಲಸಾಬ ನದಾಫರು ಕುರ್ಚಿ ಬಿಟ್ಟು ಏಳಲಿಲ್ಲ, ಬೈಯಲಿಲ್ಲ, ಡಬ್ಬಿಗೆ ತಟ್ಟಲೂ ಇಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕುಳಿತರು. ಹೊರಗಿನಿಂದ ಕಂಡವರಿಗೆ ಮಾಸ್ತರರು ಏನೋ ಗಹನವಾದದ್ದನ್ನು ಆಲೋಚಿಸುತ್ತಿದ್ದಾರೆ ಎನಿಸಬೇಕು. ಒಳಗೆ ನಡೆದಿದ್ದ ಆಲೋಚನೆ ಇಷ್ಟೇ: ಬೆಳಿಗ್ಗೆ ಅದು ಇಪ್ಪತ್ತು ನಿಮಿಷ ನಡೆದಿತ್ತು, ಆಮೇಲೆ ಹದಿನಾಲ್ಕು, ಈಗ ಹನ್ನೊಂದು. ಇದು ಎತ್ತ ಹೊರಟಿದೆ ಎಂದು ತಿಳಿಯಲು ಶಾಲೆ ಕಲಿತಿರಬೇಕಾದ ಅಗತ್ಯವಿರಲಿಲ್ಲ.

ಕಂಪ್ಯೂಟರ್ ಸತ್ತರೆ ಇನ್ನೊಂದು ತರಬಹುದು; ಅದಕ್ಕೆ ಅವರು ಹೆದರಿರಲಿಲ್ಲ. ಆದರೆ ಅದರೊಳಗಿನ ಹಳೆಯ ಎಡಿಟಿಂಗ್ ಸಾಫ್ಟ್‌ವೇರ್ ಹೊಸದರೊಳಗೆ ಸುರಳೀತ ಇಳಿಯದೆ ಹೋದರೆ, ದಾವಲಸಾಬರ ಬಗ್ಗೆ ದಾವಲಸಾಬರೊಬ್ಬರಿಗೇ ಗೊತ್ತಿದ್ದ ಒಂದು ಸಂಗತಿ ಚಿಕ್ಕೋಡಿ, ನಿಪ್ಪಾಣಿ ಎರಡೂ ತಾಲೂಕಿಗೆ ಗೊತ್ತಾಗುತ್ತಿತ್ತು.

ಆ ಸಂಗತಿ ಹೇಳುವ ಮುನ್ನ ಅವರ ಹೆಸರು ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಹೇಳಬೇಕು. ಬೀಳುವವನ ಹೆದರಿಕೆ ತಿಳಿಯಬೇಕಾದರೆ ಅವನು ಹತ್ತಿ ನಿಂತ ಮಾಳಿಗೆ ತಿಳಿದಿರಬೇಕು. ದಾವಲಸಾಬರು ಛಾಯಾಗ್ರಾಹಕರ ಸಂಘಕ್ಕೆ ಎರಡನೆಯ ಅವಧಿಯ ಅಧ್ಯಕ್ಷರು. ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಎಡಿಟಿಂಗ್ ಮಾಸ್ಟರ್’ ಎಂದು ಅಚ್ಚು ಹಾಕಿಸಿದ್ದರು. ಮೊದಲು ಅದನ್ನು ಬರೆಸಿದ್ದು ಅವರೇ. ಆಮೇಲೆ ಊರು ನಂಬಿತು. ಊರು ನಂಬಿದ್ದನ್ನು ನೋಡಿ ಕೊನೆಗೆ ಅವರೂ ನಂಬಿದರು. ಸಂಘದ ಸಭೆಗಳಲ್ಲಿ ಹುಡುಗರು ಎಡಿಟಿಂಗ್ ಹೇಗೆ ಕಲಿಯಬೇಕು ಎಂದು ಕೇಳಿದರೆ ಕಣ್ಣು ಅರ್ಧ ಮುಚ್ಚಿ, ಫೋಟೋ ಕೈಯಿಂದ ಮಾಡುವುದಲ್ಲ, ಒಳಗಣ್ಣಿನಿಂದ ಮಾಡುವುದು ಎಂದು ಹೇಳುತ್ತಿದ್ದರು. ಹುಡುಗರು ಬರೆದುಕೊಳ್ಳುತ್ತಿದ್ದರು.

ಅವರಿಗೆ ಹೆಸರು ತಂದದ್ದು ತೀರಿಹೋದವರ ಫೋಟೋ. ನಮ್ಮ ಕಡೆ ಮನುಷ್ಯ ಬದುಕಿರುವಾಗ ಮುಖ ತೋರಿಸುವುದು ರೇಷನ್ ಕಾರ್ಡಿಗೆ, ಪಾಸ್‌ಬುಕ್ಕಿಗೆ, ಸಕ್ಕರೆ ಕಾರ್ಖಾನೆಯ ಶೇರು ಪತ್ರಕ್ಕೆ. ಅವನು ಹೋದ ಮೇಲೆ ಮಕ್ಕಳು ಆ ಅಂಚೆಚೀಟಿಯಷ್ಟು ಮುಖವನ್ನು, ಮೂಗಿನ ಮೇಲೆ ಬಿದ್ದ ಕಚೇರಿಯ ಶಿಕ್ಕಾದ ಮಸಿಯ ಸಮೇತ ತಂದು ಮೇಜಿನ ಮೇಲೆ ಇಡುತ್ತಾರೆ. ಗೋಡೆಗೆ ದೊಡ್ಡದು ಬೇಕು, ಮೈಮೇಲೆ ಕೋಟು ಬೇಕು, ತಲೆಗೆ ಜರಿಯಂಚಿನ ಪಟಕಾ ಬೇಕು. ಹೆಣ್ಣುಮಕ್ಕಳಾದರೆ ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಬದುಕಿಡೀ ಧೋತರದ ಮೇಲೆ ಬನಿಯನ್ ಹಾಕಿಕೊಂಡು ಕಬ್ಬಿಗೆ ನೀರು ಹಾಯಿಸಿದವನು ಸತ್ತ ಹನ್ನೊಂದನೆಯ ದಿನಕ್ಕೆ ದಾವಲಸಾಬರ ಕೈಯಲ್ಲಿ ಕೋಟು ತೊಟ್ಟು ಕೂಡುತ್ತಿದ್ದ.

ಆ ಕೋಟು ದಾವಲಸಾಬರದೇ. ಕೋಟಿನೊಳಗಿನ ಮೈಯೂ ಅವರದೇ. ಹದಿನೆಂಟು ವರ್ಷಗಳ ಹಿಂದೆ, ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂದ ವಾರದಲ್ಲಿ, ರಾಯಬಾಗದ ಬಾಳಾಸಾಬ ಎಂಬ ಜಾಣ ಅವರನ್ನು ಕೋಟು ತೊಡಿಸಿ ಸ್ಟೂಲಿನ ಮೇಲೆ ಕೂಡಿಸಿ ಫೋಟೋ ತೆಗೆದಿದ್ದ. ಅವರ ಹೆಂಡತಿ ಹಸೀನಾಬಿಯನ್ನು ಇಳಕಲ್ ಸೀರೆ ಉಡಿಸಿ ಕೂಡಿಸಿದ್ದ. ಗಂಡ-ಹೆಂಡತಿ ಇಬ್ಬರ ತಲೆಯನ್ನೂ ಕಂಪ್ಯೂಟರಿನಲ್ಲಿ ಬಚ್ಚಿಟ್ಟು, ಯಾರ ತಲೆ ಬೇಕಾದರೂ ಕೂಡುವಂತೆ ಹೆಗಲು ಮಾತ್ರ ಉಳಿಸಿದ್ದ. ಹೀಗಾಗಿ ಕಾಗವಾಡದಿಂದ ಬೇಡಕಿಹಾಳದ ತನಕ ಗೋಡೆಯ ಮೇಲೆ ಕೂತ ಗಂಡಸರಿಗೆಲ್ಲ ದಾವಲಸಾಬರ ಹೆಗಲು, ಹೆಂಗಸರಿಗೆಲ್ಲ ಹಸೀನಾಬಿಯ ಹೆಗಲು. ಮನೆಯಲ್ಲಿ ಉರ್ದು ಮಾತಾಡಿ, ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಬರುವ ಹಸೀನಾಬಿ ಒಮ್ಮೆ ಹೇಳಿದ್ದರು:

“ಮಂದಿ ಮನ್ಯಾಗ ನಾವಿಬ್ರೂ ಎಷ್ಟ ಗಪ್ ಕುಂಡರತೀವಿ ನೋಡ್ರಿ. ನಮ್ಮ ಮನ್ಯಾಗಷ್ಟ ಅದು ಆಗವಲ್ದು.”

ಇನ್ನು ಆ ಗುಟ್ಟು. ದಾವಲಸಾಬರಿಗೆ ಎಡಿಟಿಂಗ್ ಬರುತ್ತಿರಲಿಲ್ಲ. ಬಾಳಾಸಾಬ ತಾನು ಮಾಡಿದ ಕೆಲಸವನ್ನೆಲ್ಲ ಆ ಸಾಫ್ಟ್‌ವೇರಿಗೆ ಒಮ್ಮೆ ಕಲಿಸಿ, ಕೀಬೋರ್ಡಿನ ಮೂರು ಕೀಲಿಗಳಿಗೆ ಕಟ್ಟಿ ಹೋಗಿದ್ದ. ಎಫ್ ಟೂ ಒತ್ತಿದರೆ ಶಿಕ್ಕಾದ ಮಸಿ ಹೋಗುತ್ತಿತ್ತು, ಎಫ್ ತ್ರೀಗೆ ಕಪ್ಪು-ಬಿಳುಪಿಗೆ ಬಣ್ಣ ಬರುತ್ತಿತ್ತು, ಎಫ್ ಫೈವ್ ಒತ್ತಿದರೆ ಮುಖ ತನ್ನಷ್ಟಕ್ಕೆ ತಾನೇ ಹಿಗ್ಗಿ, ಬಾಗಿ, ಬಣ್ಣ ಹೊಂದಿಸಿಕೊಂಡು ಹೆಗಲ ಮೇಲೆ ಹೋಗಿ ಕೂಡುತ್ತಿತ್ತು. ಕೀಲಿ ಒತ್ತಿ ಚಹಾ ಕುಡಿಯಿರಿ ಎಂದು ಹೇಳಿ ಹೋದ ಬಾಳಾಸಾಬ ಹತ್ತು ವರ್ಷಗಳ ಹಿಂದೆ ತೀರಿಕೊಂಡ. ಅಂದಿನಿಂದ ಎಫ್ ಫೈವ್ ಒಳಗೆ ಏನಿದೆ ಎಂದು ಬಲ್ಲವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ದಾವಲಸಾಬರು ಮಾತ್ರ ಅದನ್ನು ಒತ್ತುವ ಮುನ್ನ ಕೀಬೋರ್ಡಿನ ಮೇಲೆ ಟವೆಲ್ಲು ಹೊದಿಸಿ, ಕೈಯನ್ನು ಅದರ ಕೆಳಗೆ ತೂರಿಸುತ್ತಿದ್ದರು. ಧೂಳು ಕೂಡಬಾರದೆಂದು ಗಿರಾಕಿಗಳು ತಿಳಿದಿದ್ದರು.

ಬೇಡಕಿಹಾಳದ ರಾವಸಾಹೇಬ ಬಂದದ್ದು ಶನಿವಾರ. ಕಬ್ಬಿನ ಹೊಲದವನು, ದೊಡ್ಡ ಮನೆತನದವನು, ಮಾತು ಮೆತ್ತಗೆ. ಅವನ ತಾಯಿ ಗಿರಿಜವ್ವ ತೀರಿ ವರ್ಷವಾಗುತ್ತ ಬಂದಿತ್ತು. ಗುರುವಾರ ಮೊದಲ ಪುಣ್ಯಸ್ಮರಣೆ. ಆರು ವರ್ಷಗಳ ಹಿಂದೆ ಅವನ ತಂದೆಯ ಫೋಟೋ ಮಾಡಿಕೊಟ್ಟಿದ್ದವರು ದಾವಲಸಾಬರೇ. ಅದರ ಮಗ್ಗುಲಲ್ಲಿ ತೂಗುಹಾಕಲು ಅದೇ ಅಳತೆಯಲ್ಲಿ ತಾಯಿಯದು ಬೇಕು ಎಂದ. ಪಾಸ್‌ಬುಕ್ಕಿನಿಂದ ಕಿತ್ತ ಗಿರಿಜವ್ವನ ಮುಖವನ್ನು ಮೇಜಿನ ಮೇಲೆ ಇಟ್ಟು, ನಾಕು ಊರಿನ ಬೀಗರು ಬರ್ತಾರ್ರಿ ಮಾಸ್ತರ, ಎಂದು ಕೈಮುಗಿದು ಹೋದ. ಸೋಮವಾರ ಕಂಪ್ಯೂಟರ್ ಹನ್ನೊಂದು ನಿಮಿಷಕ್ಕೆ ಬಂತು.

ಬೇರೆ ದಾರಿ ಕಾಣದೆ ದಾವಲಸಾಬರು ನಿಪ್ಪಾಣಿಯ ಆಸಿಫನಿಗೆ ಫೋನು ಮಾಡಿದರು. ಫೋನು ಮಾಡುವ ಮುನ್ನ ನಂಬರನ್ನು ಎರಡು ಸಲ ಒತ್ತಿ ಅಳಿಸಿದರು. ಆಸಿಫ ಕಂಪ್ಯೂಟರ್ ರಿಪೇರಿಯಲ್ಲಿ ನಿಸ್ಸೀಮ. ಆದರೆ ಅವನ ಅಂಗಡಿಯ ಬಾಕಿನ ಮೇಲೆ ದಿನಾ ಸಂಜೆ ನಾಲ್ಕಾರು ಫೋಟೋಗ್ರಾಫರು ಕೂಡುತ್ತಿದ್ದರು. ಯಾವ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಏನು ಸಿಕ್ಕಿತು ಎಂಬುದು ಅಲ್ಲಿಂದ ಸಂಕೇಶ್ವರದ ತನಕ ಹೋಗಲು ಒಂದು ಚಹಾದ ಹೊತ್ತು ಸಾಕಿತ್ತು.

ಮಂಗಳವಾರ ಬೆಳಿಗ್ಗೆ ಆಸಿಫ ಹೊಸ ಡಬ್ಬಿಯೊಂದಿಗೆ ಇಳಿದ. ಅದರ ಹೊಟ್ಟೆಯಲ್ಲಿ ಕೆಂಪು-ನೀಲಿ ದೀಪಗಳು ಓಡಾಡುತ್ತಿದ್ದವು, ಪಾನ್ ಅಂಗಡಿಯ ಹಾಗೆ. ಹಳೆಯದರ ಮುಚ್ಚಳ ಬಿಚ್ಚಿ ಡಿಸ್ಕು ಹೊರಗೆ ತೆಗೆದು ಹೊಸದಕ್ಕೆ ಸಿಗಿಸಿದ. ಫೋಟೋಗಳೆಲ್ಲ ಸಾಲುಸಾಲಾಗಿ ದಾಟಿ ಬಂದವು. ದಾವಲಸಾಬರು ನಿಟ್ಟುಸಿರು ಬಿಡುವಷ್ಟರಲ್ಲಿ ಆಸಿಫ, ಇನ್ನು ಸಾಫ್ಟ್‌ವೇರ್, ಅದರ ಸೀಡಿ ಕೊಡ್ರಿ ಎಂದ.

ಫೋಟೋ ಬಂದಂತೆ ಅದೂ ಬರಲಿ, ಅದಕ್ಕೆ ಸೀಡಿ ಯಾಕೆ ಎಂದು ದಾವಲಸಾಬರು ಅಧ್ಯಕ್ಷರ ದನಿಯಲ್ಲಿ ಕೇಳಿದರು.

“ಫೋಟೋ ಅಂದ್ರ ಹಣ್ಣ ಚಾಚಾ, ಬುಟ್ಯಾಗ ಹಾಕ್ಕೊಂಡ ಬರಬಹುದು,” ಎಂದ ಆಸಿಫ. “ಸಾಫ್ಟ್‌ವೇರ್ ಗಿಡಾ ಇದ್ದಂಗ. ಬೇರ ಎಲ್ಲೆಲ್ಲಿ ಹೋಗ್ಯಾವ ಯಾಂವಗ ಗೊತ್ತು. ಕಿತ್ತ ತಂದ್ರ ಒಣಗತೈತಿ. ಹೊಸಾದ ಹಚ್ಚಬೇಕು.”

ಸೀಡಿ ಹುಡುಕಾಟ ಶುರುವಾಯಿತು. ಕಪಾಟು, ಅಟ್ಟ, ಹಳೆಯ ಫ್ಲ್ಯಾಶಿನ ಪೆಟ್ಟಿಗೆ. ದಾವಲಸಾಬರ ಅಂಗಿಯ ಬೆನ್ನು ಒದ್ದೆಯಾಯಿತು. ಕೊನೆಗೆ ಮನೆಗೆ ಓಡಿ ಮಾಳಿಗೆ ಹತ್ತಿದರೆ, ಹಸೀನಾಬಿ ಸಂಡಿಗೆ ಒಣಹಾಕಿದ ಚಾಪೆಯ ಮೇಲೆ ಕಾಗೆ ಬೆದರಿಸಲು ಕಟ್ಟಿದ ದಾರದಲ್ಲಿ ಏಳು ಸೀಡಿಗಳು ತಿರುಗುತ್ತಿದ್ದವು. ಆರರ ಮೇಲೆ ಮದುವೆಗಳ ಹೆಸರು. ಏಳನೆಯದರ ಮೇಲೆ ಬಾಳಾಸಾಬನ ಕೈಬರಹದ ಉದ್ದನೆಯ ನಂಬರು, ಬಿಸಿಲಿಗೆ ಮಾಸಿ, ಕೊನೆಯ ಅಂಕೆ ಮೂರೋ ಎಂಟೋ ತಿಳಿಯದಂತಾಗಿತ್ತು. ಆಸಿಫ ಅದನ್ನು ಹಲ್ಲುಜ್ಜುವ ಪೇಸ್ಟು ಹಚ್ಚಿ ಒರೆಸಿದ. ಕಂಪ್ಯೂಟರ್ ಎರಡು ಸಲ ಉಗುಳಿತು, ಮೂರನೆಯ ಸಲ ನುಂಗಿತು. ಮೂರು ಹಾಕಿದರೆ ಒಲ್ಲೆ ಎಂದಿತು, ಎಂಟು ಹಾಕಿದರೆ ಬಾಗಿಲು ತೆರೆಯಿತು. ಆ ಒಂದು ಗಂಟೆಯಲ್ಲಿ ದಾವಲಸಾಬರು ಹರಕೆ ಹೊರದ ದರ್ಗಾ ಆ ಸೀಮೆಯಲ್ಲಿ ಉಳಿಯಲಿಲ್ಲ.

ಹಳೆಯ ಸಾಫ್ಟ್‌ವೇರ್ ಹೊಸ ಪರದೆಯ ಮೇಲೆ ತೆರೆದುಕೊಂಡಿತು. ಆಸಿಫ ಪರೀಕ್ಷೆಗೆಂದು ಕೋಟಿನ ಫೈಲನ್ನು ಬಿಚ್ಚಿದ. ಅದರಲ್ಲಿ ಒಂದರ ಮೇಲೊಂದು ಪದರ. ದಾವಲಸಾಬರು ಯಾರನ್ನೂ ಅಳಿಸಿರಲಿಲ್ಲ, ಅಳಿಸುವುದು ಹೇಗೆಂದು ಗೊತ್ತಿರಲಿಲ್ಲ. ಒಬ್ಬರ ಮುಖ ಮುಗಿದ ಮೇಲೆ ಅದನ್ನು ಮರೆಮಾಡಿ ಮುಂದಿನವರನ್ನು ಕೂಡಿಸುತ್ತಿದ್ದರು. ಆಸಿಫ ಕುತೂಹಲಕ್ಕೆ ಒಂದೊಂದೇ ಪದರವನ್ನು ತೆಗೆಯುತ್ತ ಕೆಳಗಿಳಿದ. ಅನಂತಪುರದ ಗೌಡರು ಹೋದರು, ಅಥಣಿಯ ಅಡತಿ ವ್ಯಾಪಾರಿ ಹೋದ, ಕಳೆದ ವರ್ಷದವರು, ಅದರ ಹಿಂದಿನವರು, ಕೊರೋನಾದ ಎರಡು ವರ್ಷದವರು, ಅವರೇ ಎಷ್ಟೋ ಮಂದಿ. ಎಲ್ಲರೂ ಒಂದೇ ಕೋಟಿನಿಂದ ಎದ್ದು ಹೋದಂತೆ ಕಾಣುತ್ತಿತ್ತು. ಎಲ್ಲಕ್ಕಿಂತ ಕೆಳಗೆ, ಸ್ಟೂಲಿನ ಮೇಲೆ ಕೂತಿದ್ದರು ನಲವತ್ತರ ಹರೆಯದ ದಾವಲಸಾಬ ನದಾಫರು. ಮೇಲಿನ ಮಾಲೆಯ ಪದರವನ್ನು ಮಾತ್ರ ಆಸಿಫ ತೆಗೆದಿರಲಿಲ್ಲ. ಕೊರಳಿಗೆ ಹೂಮಾಲೆ, ಕೆಳಗೆ ಉರಿಯುವ ಎರಡು ದೀಪ.



“ತಗೀಯಪಾ ಅದನ್ನ,” ಎಂದರು ದಾವಲಸಾಬರು. ದನಿ ಅವರದೇ ಎಂದು ಅವರಿಗೆ ಗುರುತು ಸಿಗಲಿಲ್ಲ.

ಆಸಿಫ ಸರಕ್ಕನೆ ಫೈಲು ಮುಚ್ಚಿದ. ಗಿರಿಜವ್ವನ ಮುಖ ತೆರೆದು, ಇನ್ನು ನಿಮ್ಮ ಕೆಲಸ ಮಾಡಿ ನೋಡಿ ಎಂದ. ದಾವಲಸಾಬರು ಟವೆಲ್ಲು ಹೊದಿಸಿದರು, ಕೈ ತೂರಿಸಿದರು, ಎಫ್ ಫೈವ್ ಒತ್ತಿದರು. ಗಿರಿಜವ್ವ ಇದ್ದಲ್ಲೇ ಇದ್ದಳು. ಇನ್ನೊಮ್ಮೆ ಒತ್ತಿದರು. ಎಫ್ ಟೂ ಒತ್ತಿದರು. ಗಿಡ ಹೊಸದು, ಅದಕ್ಕೆ ಬಾಳಾಸಾಬ ಯಾರೆಂದೇ ಗೊತ್ತಿರಲಿಲ್ಲ.

ಆಸಿಫ ಟವೆಲ್ಲು ಎತ್ತಿ ನೋಡಿ ನಕ್ಕ. “ಓ, ಕೀಲಿ ಕಟ್ಟಿಕೊಂಡಿದ್ರೇನು. ಅವು ಹಳೇದರಾಗ ಉಳದಾವು. ಚಿಂತಿ ಬ್ಯಾಡ್ರಿ ಚಾಚಾ. ಎಫ್ ಫೈವ್‌ದಾಗ ಏನೇನ ಮಾಡತಿದ್ರಿ ಹೇಳ್ರಿ, ಐದ ಮಿನಿಟದಾಗ ಮತ್ತ ಕಟ್ಟತೇನಿ.”

ಹದಿನೆಂಟು ವರ್ಷಗಳಿಂದ ದಾವಲಸಾಬರು ಹೆದರುತ್ತಿದ್ದ ಪ್ರಶ್ನೆ ಅದೊಂದೇ. ಅದು ಎಂದಾದರೂ ಸಭೆಯಲ್ಲಿ, ದೊಡ್ಡ ವೈರಿಯೊಬ್ಬನ ಬಾಯಿಂದ ಬರುತ್ತದೆ ಎಂದುಕೊಂಡಿದ್ದರು. ಅದು ಹೀಗೆ ಪೇಸ್ಟು ಮೆತ್ತಿದ ಕೈಯವನ ಬಾಯಿಂದ, ಉಪಕಾರದ ದನಿಯಲ್ಲಿ ಬಂತು. ಅದೆಲ್ಲ ಬಾಯಿಂದ ಹೇಳುವಂಥದ್ದಲ್ಲ, ಕಸುಬಿನ ಒಳಗಿನ ಮಾತು ಎಂದರು. ನೀನು ಊಟ ಮಾಡಿಕೊಂಡು ಬಾ, ಅಷ್ಟರೊಳಗೆ ನಾನೇ ಕಟ್ಟಿರುತ್ತೇನೆ ಎಂದೂ ಅಂದುಬಿಟ್ಟರು.

ಆಸಿಫ ಹೋದ ಮೇಲೆ ಅವರು ಗಿರಿಜವ್ವನ ಮುಖವನ್ನು ಇಲಿಯ ಬಾಲ ಹಿಡಿದಂತೆ ಹಿಡಿದು ಎಳೆದರು. ಮುಖ ಅಡ್ಡಕ್ಕೆ ಹಿಗ್ಗಿ ಬದನೆಕಾಯಿಯಾಯಿತು. ಉದ್ದಕ್ಕೆ ಎಳೆದರೆ ಪಡವಲಕಾಯಿ. ಹೆಗಲ ಮೇಲೆ ತಂದು ಕೂಡಿಸಿದರೆ ಜಾರಿ ತೋಳಿನ ಮೇಲೆ ಹೋಗಿ ನಿಂತಿತು. ಪಾಸ್‌ಬುಕ್ಕಿನ ಆ ಪುಟ್ಟ ಕಣ್ಣುಗಳು ಎಲ್ಲಿ ಇಟ್ಟರೂ ಅವರನ್ನೇ ನೋಡುತ್ತಿದ್ದವು. ಗುರುವಾರ ನಾಲ್ಕು ಊರಿನ ಬೀಗರ ನಡುವೆ ಖಾಲಿ ಗೋಡೆ, ಯಾಕೆಂದು ಕೇಳುವ ಮಂದಿ, ನಿಪ್ಪಾಣಿಯ ಬಾಕಿನ ಮೇಲಿನ ನಗು, ಎಲ್ಲ ಕಣ್ಣಿಗೆ ಕಟ್ಟಿತು.

ಬುತ್ತಿ ತಂದಿದ್ದ ಹಸೀನಾಬಿ ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದರೋ. ಅವರು ಮಾತಾಡಿದ್ದು ಕನ್ನಡದಲ್ಲಿ.

“ಆ ಹುಡುಗನ ಮುಂದ ಗೊತ್ತಿಲ್ಲ ಅಂತ ಹೇಳ್ರಿ.”

ಏನು ಗೊತ್ತಿಲ್ಲ ಎಂದು ದಾವಲಸಾಬರು ಗದರಿಸಲು ನೋಡಿದರು.

“ಬಾಳಾಸಾಬ ಕಟ್ಟಿ ಕೊಟ್ಟ ದಿನಾ ಸ್ಟೂಲಿನ ಮ್ಯಾಲ ಯಾರ ಕುಂತಿದ್ರು? ನಾನ ಕುಂತಿದ್ನಿ. ನನಗ ಕಣ್ಣ ಇರಲಿಲ್ಲೇನು?” ಎಂದು ಬುತ್ತಿಯನ್ನು ಮೇಜಿನ ಮೇಲೆ ಇಟ್ಟು ಹಸೀನಾಬಿ ಹೊರಟುಹೋದರು.

ಆಸಿಫ ಹಲ್ಲು ಚುಚ್ಚಿಕೊಳ್ಳುತ್ತ ವಾಪಸು ಬಂದಾಗ ದಾವಲಸಾಬರು ಅವನ ಮುಖ ನೋಡದೆ, ಕ್ಯಾಲೆಂಡರಿನ ಕಡೆ ತಿರುಗಿ, ಎಫ್ ಫೈವ್ ಒಳಗೆ ಏನಿದೆಯೋ ತನಗೆ ತಿಳಿಯದು ಎಂದು ಹೇಳಿದರು. ಆಸಿಫ ನಗುತ್ತಾನೆ ಎಂದುಕೊಂಡಿದ್ದರು. ಅವನು ನಗಲಿಲ್ಲ. ಗಂಭೀರನಾಗಿ ತಲೆಯಾಡಿಸಿದ. ಅದು ನಗುವಿಗಿಂತ ಕೆಟ್ಟದ್ದೆನಿಸಿತು. ಮುಂದೆ ಬಾಕಿನ ಮೇಲೆ ಹೇಳಬೇಕಾದ್ದನ್ನು ಈಗಲೇ ಜೋಪಾನವಾಗಿ ಮಡಿಚಿ ಇಟ್ಟುಕೊಳ್ಳುತ್ತಿರುವಂತೆ.

ಇದ್ದದ್ದು ಒಂದೇ ದಾರಿ. ಡಿಸ್ಕನ್ನು ಹಳೆಯ ಡಬ್ಬಿಗೆ ಮರಳಿ ಜೋಡಿಸಿ, ಅದನ್ನು ಕೊನೆಯ ಸಲ ಎಬ್ಬಿಸಿ, ಕೀಲಿಗಳ ಗಂಟನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದು. ಹನ್ನೊಂದು ನಿಮಿಷ ಸಿಕ್ಕರೆ ಸಾಕು ಎಂದ ಆಸಿಫ. ಟೇಬಲ್ ಫ್ಯಾನನ್ನು ಡಬ್ಬಿಯ ಬಿಚ್ಚಿದ ಹೊಟ್ಟೆಗೆ ಮುಖಮಾಡಿ ಇಟ್ಟರು. ಗುಂಡಿ ಒತ್ತಿದರು. ಪರದೆ ಏಳಲು ನಾಲ್ಕು ನಿಮಿಷ. ಸಾಫ್ಟ್‌ವೇರ್ ಬಿಚ್ಚಿಕೊಳ್ಳಲು ಮೂರು. ಪೆನ್‌ಡ್ರೈವನ್ನು ಅದು ಒಂದು ಕಂಡಿಯಲ್ಲಿ ಗುರುತಿಸಲಿಲ್ಲ, ಇನ್ನೊಂದರಲ್ಲಿಯೂ ಇಲ್ಲ. ದಾವಲಸಾಬರು ಗೋಡೆಯ ಗಡಿಯಾರದ ಕಡೆ ನೋಡದಿರಲು ಕಣ್ಣು ಮುಚ್ಚಿದರು. ಮುಚ್ಚಿದರೆ ಕಿವಿಗೆ ಅದರ ಟಿಕ್ ಟಿಕ್ ಇನ್ನೂ ದೊಡ್ಡದಾಯಿತು. ಮೂರನೆಯ ಕಂಡಿಯಲ್ಲಿ ಪೆನ್‌ಡ್ರೈವಿನ ದೀಪ ಮಿನುಗಿತು. ಆಸಿಫ ಉಸಿರು ಬಿಗಿಹಿಡಿದು ಏನೋ ಒತ್ತಿದ. ಆಯಿತು ಎಂದು ಅದನ್ನು ಕಿತ್ತುಕೊಂಡದ್ದೇ ತಡ, ಹಳೆಯ ಡಬ್ಬಿ ಕುಂಯ್ ಎಂದು ದನಿಮಾಡಿ ಆರಿತು. ಆಮೇಲೆ ಎಷ್ಟು ಸಲ ಗುಂಡಿ ಒತ್ತಿದರೂ ಏಳಲಿಲ್ಲ.

ಹೊಸದರಲ್ಲಿ ಕೀಲಿಗಳು ಬಂದವು. ದಾವಲಸಾಬರಿಗೆ ಅಷ್ಟೇ ಸಾಕಿತ್ತು. ಆದರೆ ಬಿಚ್ಚಿ ನೋಡದಿದ್ದರೆ ಆಸಿಫ ಆಸಿಫನಾಗಿರುತ್ತಿರಲಿಲ್ಲ. ಎಫ್ ಫೈವ್ ಹೆಸರಿನ ಪಕ್ಕದ ಚಿಕ್ಕ ಮೂಲೆಯನ್ನು ಒತ್ತಿದ. ಒಳಗಿನದೆಲ್ಲ ಸಾಲಾಗಿ ಹೊರಗೆ ಬಿತ್ತು. ಮೂವತ್ತೊಂದು ಹೆಜ್ಜೆ. ಬಾಳಾಸಾಬ ಮುಖ ಕತ್ತರಿಸಿದ್ದ, ಹಿಗ್ಗಿಸಿದ್ದ, ಹೆಚ್ಚಾಯಿತೆಂದು ಕುಗ್ಗಿಸಿದ್ದ, ತಪ್ಪಿ ಹಸಿರು ಬಣ್ಣ ಬಳಿದು ಮತ್ತೆ ಅಳಿಸಿದ್ದ. ಅವನು ಅಂದು ಮಾಡಿದ ತಪ್ಪುಗಳನ್ನೂ, ಅವುಗಳ ತಿದ್ದುಪಡಿಯನ್ನೂ ಯಂತ್ರ ನಿಷ್ಠೆಯಿಂದ ಕಲಿತು, ಹದಿನೆಂಟು ವರ್ಷ ಸತ್ತವರೆಲ್ಲರಿಗೂ ಹಚ್ಚಿತ್ತು. ಆಸಿಫ ಒಂದೊಂದಾಗಿ ಓದುತ್ತ ಒಂಬತ್ತನೆಯ ಹೆಜ್ಜೆಗೆ ಬಂದು ನಿಂತ.

“ಚಾಚಾ, ಮಾರಿ ಯಾಕ ಹೊಳ್ಳಸ್ತಿದ್ರಿ?”

ಹೊಳ್ಳಿಸುವುದೆಂದರೆ ಏನೆಂದು ದಾವಲಸಾಬರಿಗೆ ತಿಳಿಯಲಿಲ್ಲ. ಆಸಿಫ ಗಿರಿಜವ್ವನ ಮುಖದ ಮೇಲೆ ಆ ಒಂದೇ ಹೆಜ್ಜೆಯನ್ನು ನಡೆಸಿ ತೋರಿಸಿದ. ಎಡಗೆನ್ನೆಯ ಮಚ್ಚೆ ಟಪ್ಪನೆ ಬಲಗೆನ್ನೆಗೆ ಹೋಯಿತು. ಮೂಗುಬೊಟ್ಟು ಈ ಹೊರಳೆಯಿಂದ ಆ ಹೊರಳೆಗೆ ಹಾರಿತು. ಬಾಳಾಸಾಬ ಕಲಿಸಿದ ದಿನ ಕೂಡಿಸಿದ ಮೊದಲ ಮುಖ ಎಡಕ್ಕೆ ನೋಡುತ್ತಿದ್ದಿರಬೇಕು, ಕೋಟಿನ ಹೆಗಲು ಬಲಕ್ಕೆ ಇತ್ತು, ಅದಕ್ಕೆ ತಿರುಗಿಸಿರಬೇಕು ಎಂದ ಆಸಿಫ. ಆ ಒಬ್ಬನಿಗೆ ಮಾಡಿದ್ದನ್ನು ಎಫ್ ಫೈವ್ ಎಲ್ಲರಿಗೂ ಮಾಡಿತ್ತು.

ದಾವಲಸಾಬರು ಕೈಗೆ ಸಿಕ್ಕ ಫೈಲು ತೆಗೆಸಿದರು. ರಾವಸಾಹೇಬನ ತಂದೆಯದೇ ಸಿಕ್ಕಿತು. ಪಾಸ್‌ಬುಕ್ಕಿನ ಮುಖದಲ್ಲಿ, ಎತ್ತಿನ ಕೋಡು ತಾಗಿ ಸೀಳಿದ ಗುರುತು ಬಲಹುಬ್ಬಿನ ಮೇಲೆ. ಕೋಟು ತೊಟ್ಟ ಮುಖದಲ್ಲಿ ಎಡಹುಬ್ಬಿನ ಮೇಲೆ. ಇನ್ನೊಂದು ತೆಗೆಸಿದರು, ಮತ್ತೊಂದು. ನಡುವೆ ಯಾರೋ ಒಂದಿಬ್ಬರು, ನಮ್ಮ ಅಪ್ಪ ಯಾಕೋ ಬೇರೆ ಥರ ಕಾಣುತ್ತಾನೆ ಎಂದು ಬಂದದ್ದು ಈಗ ನೆನಪಾಯಿತು. ಎದುರು ನಿಂತವನ ಎಡ ನಮಗೆ ಬಲವಾಗುತ್ತದೆ, ಅದು ಬೆಳಕಿನ ಶಾಸ್ತ್ರ ಎಂದು ತಾವು ಕಣ್ಣು ಅರ್ಧ ಮುಚ್ಚಿ ಹೇಳಿ ಕಳಿಸಿದ್ದೂ ನೆನಪಾಯಿತು. ಉಳಿದವರು ಆ ತಪ್ಪನ್ನು ಕೋಟಿನ ಮೇಲೆ ಹಾಕಿದ್ದರು. ಅಪ್ಪನನ್ನು ಕೋಟಿನಲ್ಲಿ ಯಾರು ಕಂಡಿದ್ದರು?

ಆಸಿಫ ಒಂಬತ್ತನೆಯ ಹೆಜ್ಜೆಯನ್ನು ಕಿತ್ತುಹಾಕಿದ. ಎಫ್ ಫೈವ್ ಒತ್ತಿದ. ಗಿರಿಜವ್ವ ಇಳಕಲ್ ಸೀರೆಯಲ್ಲಿ, ತನ್ನ ಮಚ್ಚೆ ತನ್ನ ಕೆನ್ನೆಯಲ್ಲೇ ಇಟ್ಟುಕೊಂಡು ಕೂತಳು. ಹೊರಡುವಾಗ ಅವನು, ನಾನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಚಾಚಾ ಎಂದ. ಕೇಳದೇ ಇದ್ದರೂ ಕೊಟ್ಟ ಆ ಮಾತಿನಿಂದ ದಾವಲಸಾಬರಿಗೆ ಇದ್ದ ಧೈರ್ಯವೂ ಹೋಯಿತು.

ಆದರೂ ಅಧ್ಯಕ್ಷರು ಅಧ್ಯಕ್ಷರೇ. ಬುಧವಾರ ಮುಂಜಾನೆ ಫೋಟೋವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬೇಡಕಿಹಾಳಕ್ಕೆ ಹೊರಟವರ ತಲೆಯಲ್ಲಿ ಒಂದು ಯೋಜನೆ ಸಿದ್ಧವಾಗಿತ್ತು. ಗಾಜು ಒರೆಸುವ ಉಚಿತ ಸೇವೆ. ಊರೂರಿಗೆ 'ಹಿರಿಯರ ಫೋಟೋ ಸ್ವಚ್ಛತಾ ಅಭಿಯಾನ' ಎಂದು ಬೋರ್ಡು ಹಾಕುವುದು, ಫೋಟೋಗಳನ್ನು ಇಳಿಸಿ ತರುವುದು, ಒಳಗಿನ ಮುಖವನ್ನು ಸುಮ್ಮನೆ ಸರಿಮಾಡಿ ವಾಪಸು ತೂಗುಹಾಕುವುದು. ಮಂದಿ ಹಾರ ಹಾಕಿದರೂ ಹಾಕಬಹುದು. ಹೀಗೆ ಎಣಿಸುತ್ತಿದ್ದರೂ, ಕಬ್ಬಿನ ಟ್ರ್ಯಾಕ್ಟರುಗಳ ಸಂದಿನಲ್ಲಿ ಸ್ಕೂಟರ್ ತೂರಿಸುತ್ತ ಹೋದಂತೆ ದಾರಿಯ ಮನೆಗಳು ಒಂದೊಂದಾಗಿ ಗುರುತು ಹತ್ತತೊಡಗಿದವು. ಈ ಮನೆಯಲ್ಲಿ ಒಬ್ಬ, ಆ ಮನೆಯಲ್ಲಿ ಜೋಡಿ. ತೆರೆದ ಬಾಗಿಲುಗಳ ಒಳಗೆ ನೋಡಬಾರದೆಂದು ಹಿಡಿಕೆಯನ್ನೇ ದಿಟ್ಟಿಸುತ್ತ ಓಡಿಸಿದರು. ಎರಡು ಕಡೆ ಎದುರಿನ ಗಾಡಿಗೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು.

ರಾವಸಾಹೇಬನ ಮನೆಯಲ್ಲಿ ನಾಳಿನ ಅಡುಗೆಗೆ ಪಾತ್ರೆಗಳು ಇಳಿಯುತ್ತಿದ್ದವು. ಅವನು ಪಡಸಾಲೆಯಲ್ಲಿ ಕಾಗದ ಬಿಚ್ಚಿ ಫೋಟೋ ನೋಡಿದ. ನೋಡುತ್ತಲೇ ಇದ್ದ. ಅವನ ಸೊಸೆ ಮನೀಷಾ ಚಹಾ ಹಿಡಿದುಕೊಂಡು ಬಂದವಳು ಅಲ್ಲೇ ನಿಂತಳು.

“ಖರೇ ಅವ್ವನ ಬಂದ ಕುಂತಂಗ ಆಗೇತಿ,” ಎಂದ ರಾವಸಾಹೇಬ. ಕಣ್ಣು ಒರೆಸಿಕೊಂಡ. ಗೋಡೆಯ ಮೇಲಿನ ತಂದೆಯ ಕಡೆ ನೋಡಿ ಸ್ವಲ್ಪ ನಕ್ಕ.

ಆಮೇಲೆ ಚಹಾ ಕುಡಿಯುತ್ತ, ಮನೆಯವರಿಗೆ ಹೇಳಿಕೊಳ್ಳುವ ಮಾತಿನಂತೆ, ತಾಯಿಯ ಕೊನೆಯ ವರ್ಷಗಳನ್ನು ಹೇಳಿದ. ಅಪ್ಪನ ಫೋಟೋ ಗೋಡೆಗೆ ಏರಿದ ದಿನದಿಂದ ಅವ್ವ ಅದಕ್ಕೆ ಒಂದು ಹೂವು ಏರಿಸಲಿಲ್ಲವಂತೆ. ದೀಪ ಹಚ್ಚು ಎಂದರೆ ಒಲ್ಲೆ ಎನ್ನುತ್ತಿದ್ದಳಂತೆ.

“‘ಇಂವ ನಿಮ್ಮಪ್ಪ ಅಲ್ಲ, ಯಾಂವನ್ನೋ ತಂದ ಕುಂದರ್ಸೀರಿ’ ಅಂತಿದ್ಲರಿ. ಈ ಪಡಸಾಲ್ಯಾಗ ಹಾಯೂಮುಂದ ಸೆರಗ ಮಾರಿಮ್ಯಾಲ ಎಳಕೊಂಡ ಹಾಯ್ತಿದ್ಲು, ಪರಗಂಡಸರ ಮುಂದ ಹಾಯ್ದಂಗ. ಮಂದ್ಯಾಗ ನಮಗ ನಾಚಿಕಿ ಆಗ್ತಿತ್ತು. ಅರಳ-ಮರಳ ಅಂತ ತಿಳಕೊಂಡ್ವಿ. ಮಿರಜ ದವಾಖಾನಿಗಿ ಒಯ್ದ ತಲಿ ತೋರಿಸಿದ್ವಿ. ಕಡೀ ನಾಕ ವರ್ಷ ಗುಳಗಿ ಮ್ಯಾಲ ಇದ್ಲು. ಇಡೀ ದಿನಾ ತೂಕಡಿಕಿ.”

ದಾವಲಸಾಬರ ಬಟ್ಟಲಲ್ಲಿ ಚಹಾ ಅರ್ಧ ಉಳಿದಿತ್ತು. ಅದನ್ನು ನೆಲಕ್ಕೆ ಇಟ್ಟರು. ಗಾಜು ಒರೆಸಿಕೊಡುತ್ತೇನೆ ಎನ್ನುವ ಮಾತು ಬಾಯಿಯ ತನಕ ಬಂದಿತ್ತು, ಅಲ್ಲೇ ಒಣಗಿತು. ಅಭಿಯಾನದ ಬೋರ್ಡು, ಸಂಘ, ಕಾರ್ಡು, ಒಳಗಣ್ಣು ಎಲ್ಲವೂ ಆ ಪಡಸಾಲೆಯ ನಡುವೆ ಸೆರಗೆಳೆದುಕೊಂಡು ನಡೆದುಹೋದ ಮುದುಕಿಯ ಮುಂದೆ ಎಲ್ಲಿ ಹೋದವೋ ತಿಳಿಯಲಿಲ್ಲ. ಎದ್ದು ಹೋಗಿಬಿಡಬಹುದಿತ್ತು. ಚಪ್ಪಲಿ ಎರಡು ಮಾರು ದೂರದಲ್ಲಿತ್ತು. ಅದನ್ನು ಅವರು ನೋಡಿದರು ಕೂಡ.

“ಸಾವಕಾರ್ರ,” ಎಂದರು, “ಅವ್ವಾರು ಖರೇ ಹೇಳ್ಯಾರ್ರಿ. ತಪ್ಪ ನಂದೈತಿ.”

ರಾವಸಾಹೇಬನಿಗೆ ತಿಳಿಯಲಿಲ್ಲ. ದಾವಲಸಾಬರು ಮೂವತ್ತೊಂದು ಹೆಜ್ಜೆಯನ್ನೂ ಹೇಳಲು ಹೋಗಿ, ತಡವರಿಸಿ, ಮುಖ ಎಡಬಲ ಆಗಿದೆ ಎಂದಷ್ಟೇ ಹೇಳಿದರು. ಯಂತ್ರ ಮಾಡುತ್ತಿತ್ತು, ನಾನು ನೋಡುತ್ತಿದ್ದೆ, ನನಗೆ ಏನೂ ಬರುವುದಿಲ್ಲ ಎಂದರು. ರಾವಸಾಹೇಬ ಎದ್ದು ಗೋಡೆಯ ಮೇಲಿನ ತಂದೆಯನ್ನು ಇಳಿಸಿದ. ಎದೆಗೆ ಆನಿಸಿಕೊಂಡು ಒಳಕೋಣೆಯ ಕಪಾಟಿನ ದೊಡ್ಡ ಕನ್ನಡಿಯ ಮುಂದೆ ಹಿಡಿದ. ದಾವಲಸಾಬರಿಗೆ ಹೊಸ್ತಿಲಿನಿಂದ ಅವನ ಬೆನ್ನು ಕಾಣುತ್ತಿತ್ತು, ಕನ್ನಡಿಯೊಳಗೆ ತಂದೆಯ ಮುಖ ಕಾಣುತ್ತಿತ್ತು: ಬಲಹುಬ್ಬಿನ ಮೇಲೆ ಕೋಡಿನ ಗುರುತು.

ರಾವಸಾಹೇಬನ ಬೆನ್ನು ಒಮ್ಮೆ ಅಲುಗಿತು. ಬೈದಿದ್ದರೆ ದಾವಲಸಾಬರು ಬದುಕಿಕೊಳ್ಳುತ್ತಿದ್ದರು.

“ನಾಳೆ ಬೀಗರೆಲ್ಲಾ ಬರ್ತಾರ,” ಎಂದ ಕೊನೆಗೆ, ತಿರುಗದೆಯೇ. “ಸದಲಗಾದವರು, ಚಿಕ್ಕೋಡಿಯವರು, ಕಾಗವಾಡದವರು, ಅಥಣಿಯವರು. ಅವ್ವಗ ಹುಚ್ಚ ಅಂದವರ ಅವರೆಲ್ಲಾ. ನೀವು ಬಂದು ಅವರ ಮುಂದ ಇದನ್ನ ಹೇಳಬೇಕ್ರಿ. ಆಕಿಗಿ ಹುಚ್ಚ ಇರಲಿಲ್ಲ ಅಂತ.”

ಸದಲಗಾ, ಚಿಕ್ಕೋಡಿ, ಕಾಗವಾಡ, ಅಥಣಿ. ಆ ಬೀಗರ ಪಡಸಾಲೆಗಳಲ್ಲಿ ಯಾರು ಯಾರು ಕೋಟು ತೊಟ್ಟು ಕೂತಿದ್ದಾರೆಂದು ದಾವಲಸಾಬರಿಗೆ ಬಾಯಿಪಾಠವಿತ್ತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಮನೀಷಾ ಅವರತ್ತ ನೋಡಿ, ನೋಟವನ್ನು ನೆಲಕ್ಕೆ ಇಳಿಸಿದಳು.

“ಎಷ್ಟ ಗಂಟೇಕ ಬರ್ಲಿರಿ?” ಎಂದರು ದಾವಲಸಾಬರು.